ಕಾರು ಓಡಿಸದೇ ಪಾರ್ಕಿಂಗ್ ಕಲಿಸಿದವರು

ಈ ಸಲ ನಾವು ಬರೆಯುತ್ತಿರುವುದು ವಿಲಿಯಂ ಫೆಲ್ಪ್ಸ್ ಈನೋ ಅವರ ಬಗ್ಗೆ. ಹೊಟ್ಟೆ ಉಬ್ಬಿದಾಗ ನೀರಿಗೆ ಹಾಕಿ ಕುಡಿಯುವ ಈನೋಗೂ ಇವರಿಗೂ ಸಂಬಂಧ ಇಲ್ರಿ, ಅದು ಇಂಗ್ಲೆಂಡಿನ ಬೇರೆ ಈನೋ. ನಮ್ಮ ಈನೋ ಅಮೆರಿಕದವರು. ಸ್ಟಾಪ್ ಬೋರ್ಡು, ಒನ್ ವೇ, ರೋಡ್ ದಾಟುವ ಪಟ್ಟಿ, ಟ್ಯಾಕ್ಸಿ ಸ್ಟ್ಯಾಂಡು ಎಲ್ಲ ಬಳಕೆಗೆ ಬಂದದ್ದರಲ್ಲಿ ಇವರ ಕೈ ಇದೆ. ಸಿವಿಲ್‌ನವರು ಹೆಸರು ಕೇಳಿರಬಹುದು. ಉಳಿದ ಬ್ರಾಂಚಿನವರು ಬೋರ್ಡ್ ಕೆಳಗೆ ಬೈಕ್ ಹಿಡಿದು ನಿಂತು ಇಲ್ಲಿ ಹಚ್ಚಬೇಕೋ ಬ್ಯಾಡೋ ಅಂತ ತಲೆ ಕೆರೆದುಕೊಂಡಿರುತ್ತೇವೆ.

ಈನೋ ಹುಟ್ಟಿದ್ದು 1858ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅಪ್ಪ ಜಮೀನು, ಹೋಟೆಲ್ ವ್ಯವಹಾರದ ಭಾರೀ ಶ್ರೀಮಂತರು. 1867ರಲ್ಲಿ, ಒಂಬತ್ತು ವರ್ಷದ ಹುಡುಗ ಅವ್ವನ ಜೊತೆ ಕುದುರೆ ಗಾಡಿಯಲ್ಲಿ ಹೊರಟಾಗ ಜಾಮ್‌ನಲ್ಲಿ ಸಿಕ್ಕಿಬಿದ್ದ. ಬೆಂಜ್ ಕಾರಿಗೆ ಪೇಟೆಂಟ್ ಸಿಕ್ಕಿದ್ದೇ 1886ರಲ್ಲಿ, ಹಂಗಾಗಿ ಅಲ್ಲಿದ್ದವು ಕುದುರೆ ಗಾಡಿ ಮಾತ್ರ, ಅದೂ ಹತ್ತು ಹನ್ನೆರಡು. ಯಾರು ಹಿಂದೆ ಸರಿಯಬೇಕು ಅನ್ನುವುದು ಗಾಡಿಯವರಿಗೂ ಗೊತ್ತಿರಲಿಲ್ಲ, ಪೊಲೀಸರಿಗೂ ಗೊತ್ತಿರಲಿಲ್ಲ. ನಮ್ಮ ಹಿಡಕಲ್ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್‌ಗಳು ಸಣ್ಣ ರೋಡಿನಲ್ಲಿ ಎದುರುಬದುರು ನಿಂತಾಗ ಏನಾಗುತ್ತದೆ ನೋಡ್ರಿ, ಅದೇ ಕತೆ. ಗಾಡಿ ಜಾಸ್ತಿ ಆಗಿದ್ದಕ್ಕೆ ಜಾಮ್ ಆಗಿಲ್ಲ, ನಿಯಮ ಇಲ್ಲದ್ದಕ್ಕೆ ಆಗಿದೆ ಅಂತ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

ಮುಂದೆ ಎಷ್ಟೋ ವರ್ಷ ಮನೆಯ ವ್ಯವಹಾರ ನೋಡಿಕೊಂಡರು. ನಲವತ್ತು ದಾಟಿದ ಮೇಲೆ ಅದನ್ನು ಬಿಟ್ಟು ರೋಡಿಗೆ ಇಳಿದರು. 1900ರಲ್ಲಿ ಕುದುರೆ ಗಾಡಿಯವರ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ, ಪೊಲೀಸರ ಬೆನ್ನು ಹತ್ತಿದರು. 1903ರಲ್ಲಿ ನ್ಯೂಯಾರ್ಕ್ ಪೊಲೀಸರು ಅವರ ನಿಯಮಗಳನ್ನು ಜಾರಿಗೆ ತಂದರು.

ಆ ನಿಯಮಗಳಲ್ಲಿ ಪಾರ್ಕಿಂಗ್ ವಿಷಯವೂ ಇದೆ. ಗಾಡಿಯನ್ನು ರೋಡಿನ ಅಂಚಿಗೆ ಹತ್ತಿಸಿಯೇ ನಿಲ್ಲಿಸಬೇಕು. ಎಡಮಗ್ಗಲು ಅಂಚಿನ ಕಡೆ ಬರುವಂತೆ ನಿಲ್ಲಿಸಬಾರದು. ಅಲ್ಲಿ ಬಲಗಡೆ ಓಡಿಸುತ್ತಾರೆ, ಹಾಗಾಗಿ ಎಡಮಗ್ಗಲು ಅಂಚಿಗೆ ಬಂತು ಅಂದರೆ ಗಾಡಿ ಎದುರಿನವರ ದಾರಿಗೆ ನುಗ್ಗಿ ನಿಂತಿದೆ ಅಂತ ಅರ್ಥ. ಹೊರಡುವಾಗ ಮತ್ತೆ ಅವರನ್ನೇ ಸೀಳಿಕೊಂಡು ಬರಬೇಕು. ನಿಲ್ಲಿಸುವ ಮುಂಚೆ ಚಾಬೂಕನ್ನೋ ಕೈಯನ್ನೋ ಮೇಲೆತ್ತಿ ಹಿಂದಿನವರಿಗೆ ತೋರಿಸಬೇಕು. ಬ್ರೇಕ್ ಲೈಟ್‌ನ ಅಜ್ಜ ಅನ್ನಬಹುದು!

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಂದಿನ ಕೆಲಸ. ನಿಯಮವನ್ನು ಗೆಜೆಟ್‌ನಲ್ಲಿ ಹೂತಿಟ್ಟು ಮರುದಿನದಿಂದ ದಂಡ ಹಾಕುವುದು ಅವರಿಗೆ ಬೇಕಿರಲಿಲ್ಲ. ನಾಲ್ಕು ಪುಟದ ಮಡಚುವ ಹಾಳೆಯಲ್ಲಿ ಅಚ್ಚಾಗಿ 1 ಲಕ್ಷ ಪ್ರತಿಗಳು ಹಂಚಿಕೆಯಾದವು. ನಿಯಮ ಕಡಿಮೆ ಇರಬೇಕು, ಓದಿದ ಕೂಡಲೇ ತಿಳಿಯಬೇಕು, ಹೇಳಿಕೊಟ್ಟ ಮೇಲೇ ಶಿಕ್ಷೆ: ಇದು ಅವರ ಹಠ.

ಈಗಿನ ಒಂದೇ ಕಂಬದ ಮೇಲೆ ಮೂರು ಮೂರು ಬೋರ್ಡು ನೋಡಿದ್ದರೆ ಈನೋ ಏನು ಮಾಡುತ್ತಿದ್ದರೋ. ನಮ್ಮ ದೇಶದಲ್ಲಿ ನೀಲಿ ವೃತ್ತ, ಕೆಂಪು ಅಂಚು, ಒಂದೇ ಓರೆ ಗೆರೆ ಇದ್ದರೆ ನೋ ಪಾರ್ಕಿಂಗ್. ಗಾಡಿ ಬಿಟ್ಟು ಹೋಗುವಂತಿಲ್ಲ, ಆದರೆ ದೋಸ್ತನನ್ನು ಇಳಿಸಲು ಕ್ಷಣ ನಿಲ್ಲಬಹುದು. ಎರಡು ಗೆರೆ ಅಡ್ಡಡ್ಡ ಹಾಯ್ದಿದ್ದರೆ ನಿಲ್ಲಲೂ ಬಾರದು. ನೀಲಿ ಚೌಕದಲ್ಲಿ ಪಿ ಇದ್ದರೆ ಹಚ್ಚಬಹುದು. ಗೊಂದಲ ಇರುವುದೆಲ್ಲ ಕೆಳಗಿನ ಸಣ್ಣ ತಗಡಿನಲ್ಲಿ: ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನ ತನಕ, ಬಾಣ ಯಾವ ಕಡೆ, ಸಮ ದಿನಾಂಕವೋ ಬೆಸ ದಿನಾಂಕವೋ. ಹಾಗಾಗಿ ಮೊದಲು ಗೆರೆ ಎಣಿಸಿ, ಆಮೇಲೆ ಬಾಣ, ಆಮೇಲೆ ಹೊತ್ತು, ಕೊನೆಗೆ ಮೊಬೈಲ್‌ನಲ್ಲಿ ತಾರೀಖು. ಊರಿಂದ ಮೊದಲ ಸಲ ಪೇಟೆಗೆ ಬಂದವನಿಗೆ ಇಷ್ಟನ್ನು ಯಾರೂ ಹೇಳಿಕೊಡುವುದಿಲ್ಲ. ಗಾಡಿ ಎತ್ತಿಕೊಂಡು ಹೋದ ಮೇಲೆ ಗೊತ್ತಾಗುತ್ತದೆ.

1905ರಲ್ಲಿ ಈನೋ ಯೋಜನೆಯಂತೆ ನ್ಯೂಯಾರ್ಕ್‌ನ ಕೊಲಂಬಸ್ ಸರ್ಕಲ್‌ನಲ್ಲಿ ಗಾಡಿಗಳೆಲ್ಲ ಒಂದೇ ದಿಕ್ಕಿಗೆ ಸುತ್ತತೊಡಗಿದವು. ಲಂಡನ್, ಪ್ಯಾರಿಸ್‌ಗೂ ಯೋಜನೆ ಹಾಕಿಕೊಟ್ಟರು. 1909ರಲ್ಲಿ ಪುಸ್ತಕ ಬಂತು, 1921ರಲ್ಲಿ ಸ್ವಂತ ದುಡ್ಡಿನಿಂದ ಸಂಸ್ಥೆ ಕಟ್ಟಿದರು. ಇಷ್ಟೆಲ್ಲ ಮಾಡಿದವರು ಕಾರು ಓಡಿಸುವುದನ್ನು ಕಲಿಯಲೇ ಇಲ್ಲ. ಅವರ ಪ್ರೀತಿ ಕುದುರೆ ಮೇಲೆ, ಕಾರಿನ ಮೇಲೆ ನಂಬಿಕೆ ಅಷ್ಟಕ್ಕಷ್ಟೇ. ಕಾರಿನಲ್ಲಿ ಹೋಗಬೇಕಾದರೆ ಡ್ರೈವರ್ ಇದ್ದ. ನಮಗನಿಸುವ ಮಟ್ಟಿಗೆ ಇದು ಕೊರತೆಯಲ್ಲ. ಸ್ಟಿಯರಿಂಗ್ ಹಿಡಿದವನಿಗೆ ತನ್ನ ಗಾಡಿ ಮಾತ್ರ ಕಾಣುತ್ತದೆ, ಹೊರಗೆ ನಿಂತವನಿಗೆ ಇಡೀ ರೋಡು ಕಾಣುತ್ತದೆ.

1945ರ ಡಿಸೆಂಬರ್‌ನಲ್ಲಿ, 87ನೇ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದಲ್ಲಿ ಈನೋ ತೀರಿಕೊಂಡರು. ಆಗಿನ್ನೂ ನಮ್ಮ ಹಿಡಕಲ್ ಡ್ಯಾಮೇ ಇರಲಿಲ್ಲ. ಅವರು ಕಟ್ಟಿದ ಸಂಸ್ಥೆ ಇವತ್ತಿಗೂ ವಾಷಿಂಗ್ಟನ್‌ನಲ್ಲಿ ಸಾರಿಗೆ ವಿಷಯದಲ್ಲಿ ಕೆಲಸ ಮಾಡುತ್ತಿದೆ.