ರಾಜ್ಯ ಹೋದರೂ ಗುರಿ ಬಿಡದ ಬಿಕಾನೇರ ಮಹಾರಾಜ
ಐದು ಒಲಿಂಪಿಕ್ಸ್ ಆಡಿದ ಡಾ. ಕರ್ಣಿ ಸಿಂಗ್ ಜೀವನ

ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರ್ಯಾಗ ಬಲೂನು ಹೊಡೆಯೋ ಅಂಗಡಿ ಮುಂದ ಹುಡುಗರ ಗದ್ದಲ ಎಷ್ಟಿರತದ ಅನ್ನೋದು ಓದುಗರಿಗೆ ಹೊಸದಲ್ಲ. ಹಲಗೆಗೆ ಕಟ್ಟಿದ ಬಲೂನು ಅಲುಗಾಡದೆ ನಿಂತಿರುತ್ತದೆ. ಆದರೂ ಹತ್ತರಲ್ಲಿ ನಾಲ್ಕೈದು ಗುರಿ ತಪ್ಪುತ್ತವೆ. ಅದೇ ಗುರಿ ಗಾಳಿಯಲ್ಲಿ ತಾಸಿಗೆ ನೂರು ಕಿ.ಮೀ. ವೇಗದಲ್ಲಿ ಹಾರಿದರೆ? ಅದೂ ಎಡಕ್ಕೋ ಬಲಕ್ಕೋ ಅಂತ ಮೊದಲೇ ಗೊತ್ತಿಲ್ಲದಿದ್ದರೆ? ಆ ಆಟದ ಹೆಸರೇ ಟ್ರ್ಯಾಪ್ ಶೂಟಿಂಗ್. ನಮ್ಮ ದೇಶದಲ್ಲಿ ಈ ಆಟವನ್ನು ಶ್ರೀಮಂತರ ಹವ್ಯಾಸದಿಂದ ಎತ್ತಿ ಜಾಗತಿಕ ಸ್ಪರ್ಧೆಯ ತನಕ ಒಯ್ದವರಲ್ಲಿ ಮೊದಲು ನೆನಪಾಗುವ ಹೆಸರು ಬಿಕಾನೇರದ ಮಹಾರಾಜ ಡಾ. ಕರ್ಣಿ ಸಿಂಗ್ ಅವರದು.

ಆಟ ಹೀಗೆ

ಹಿಂದೆ ಇಂಗ್ಲೆಂಡಿನಲ್ಲಿ ಜೀವಂತ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಬಾಗಿಲು ತೆಗೆದು ಹಾರಿಬಿಟ್ಟು ಹೊಡೆಯುತ್ತಿದ್ದರು. ಆ ಪೆಟ್ಟಿಗೆಗೇ ಟ್ರ್ಯಾಪ್ ಅನ್ನುತ್ತಿದ್ದರು. 1880ರ ಸುಮಾರಿಗೆ ಅಮೆರಿಕದ ಜಾರ್ಜ್ ಲಿಗೋವ್ಸ್ಕಿ ಎಂಬವರು ಪಾರಿವಾಳದ ಬದಲು ಮಣ್ಣಿನ ಬಿಲ್ಲೆ ತಂದರು. ಹಕ್ಕಿಗಳ ಜೀವ ಉಳಿಯಿತು, ಹೆಸರು ಮಾತ್ರ ಕ್ಲೇ ಪಿಜನ್ ಅಂತಲೇ ಉಳಿಯಿತು. ಈಗಿನ ಬಿಲ್ಲೆ ಖರೆ ನೋಡಿದರೆ ಮಣ್ಣಿನದೂ ಅಲ್ಲ. ಡಾಂಬರಿನಂಥ ಪಿಚ್ ಮತ್ತು ಸುಣ್ಣದಕಲ್ಲಿನ ಪುಡಿ ಸೇರಿಸಿ ಮಾಡಿದ್ದು. ಅಗಲ 11 ಸೆಂ.ಮೀ., ತೂಕ ಸುಮಾರು 105 ಗ್ರಾಂ.

ಒಲಿಂಪಿಕ್ಸ್ ಮಾದರಿಯಲ್ಲಿ ಆಟಗಾರರ ಮುಂದೆ 15 ಮೀಟರ್ ದೂರದಲ್ಲಿ ಒಂದು ತಗ್ಗು. ಅದರೊಳಗೆ 15 ಯಂತ್ರ. ಆಟಗಾರ ಬಂದೂಕು ಹೆಗಲಿಗೇರಿಸಿ ಕೂಗಿದ ತಕ್ಷಣ ಯಾವುದೋ ಒಂದು ಯಂತ್ರದಿಂದ ಬಿಲ್ಲೆ ಹಾರುತ್ತದೆ. ಒಂದು ಸೆಕೆಂಡಿನೊಳಗೆ ನಿರ್ಧಾರ ಆಗಬೇಕು. ಎರಡು ಗುಂಡಿಗೆ ಅವಕಾಶ. ಬಿಲ್ಲೆಯ ಒಂದು ಚೂರು ಹಾರಿದ್ದು ಕಂಡರೂ ಸಾಕು, ಒಂದು ಅಂಕ. ಒಂದು ಸುತ್ತಿಗೆ 25 ಬಿಲ್ಲೆ.

ಗನ್ ಕ್ಲಬ್‌ಗಳಲ್ಲಿ ರಜಾ ದಿನ ಐದಾರು ಮಂದಿ ಗೆಳೆಯರು ಕೂಡಿ ಆಡುವುದೂ ಇದೇ ಆಟ. ಅಲ್ಲಿ ಪದಕ ಇಲ್ಲ, ಬಹುಮಾನ ಇಲ್ಲ. ಸೋತವರು ಚಹಾ ಕುಡಿಸಬೇಕು, ಅಷ್ಟೇ. ಆದರೆ ಲೆಕ್ಕ ಮಾತ್ರ ಪಕ್ಕಾ. ಹೊಡೆದದ್ದು ಜಮಾ, ತಪ್ಪಿದ್ದು ಸೊನ್ನೆ. ಯಾರ ಮನೆತನ ಎಂಥದ್ದು ಎಂದು ಅಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಕರ್ಣಿ ಸಿಂಗ್ ಅವರ ಜೀವನ ಅರ್ಥ ಆಗಬೇಕಾದರೆ ಈ ಮಾತು ನೆನಪಿಡಬೇಕು.

ಅಜ್ಜನ ಬೇಟೆ, ಮೊಮ್ಮಗನ ಬಿಲ್ಲೆ

ಕರ್ಣಿ ಸಿಂಗ್ ಹುಟ್ಟಿದ್ದು 1924ರ ಏಪ್ರಿಲ್ 21ರಂದು. ಅಜ್ಜ ಮಹಾರಾಜ ಗಂಗಾ ಸಿಂಗ್ ಮರುಭೂಮಿಗೆ ಕಾಲುವೆ ತಂದ ರಾಜ ಎಂದು ಹೆಸರಾದವರು. 1927ರಲ್ಲಿ ಆರಂಭವಾದ ಗಂಗ ಕಾಲುವೆಗೆ ಅವರದೇ ಹೆಸರು. ಬಿಕಾನೇರದ ಹತ್ತಿರದ ಗಜನೇರ ಕೆರೆ ಆ ಕಾಲಕ್ಕೆ ಹಕ್ಕಿ ಬೇಟೆಗೆ ದೇಶದಲ್ಲೇ ಪ್ರಸಿದ್ಧ. ಚಳಿಗಾಲದಲ್ಲಿ ನೀರಿಗೆ ಇಳಿಯುವ ಹಕ್ಕಿಗಳ ಹಿಂಡು ಹೊಡೆಯಲು ವೈಸ್‌ರಾಯ್‌ಗಳೇ ಅಲ್ಲಿಗೆ ಬರುತ್ತಿದ್ದರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಬಂದೂಕು ಹೊಸದಲ್ಲ.

ದೆಹಲಿಯ ಸೇಂಟ್ ಸ್ಟೀಫನ್ಸ್, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜುಗಳಲ್ಲಿ ಅವರ ಓದು ನಡೆಯಿತು. 1944ರಲ್ಲಿ ಡೂಂಗರಪುರ ರಾಜಮನೆತನದ ಸುಶೀಲಾ ಕುಮಾರಿ ಅವರೊಂದಿಗೆ ಮದುವೆ. ನಮ್ಮ ಕ್ರಿಕೆಟ್ ಪ್ರೇಮಿಗಳಿಗೆ ಗೊತ್ತಿರುವ ರಾಜಸಿಂಗ್ ಡೂಂಗರಪುರ ಇದೇ ಮನೆತನದವರು.

ದೇಶಕ್ಕೆ ಸ್ವಾತಂತ್ರ್ಯ ಬಂತು. 1949ರಲ್ಲಿ ಬಿಕಾನೇರ ಸಂಸ್ಥಾನ ರಾಜಸ್ಥಾನದಲ್ಲಿ ವಿಲೀನವಾಯಿತು. ಮುಂದಿನ ವರ್ಷವೇ ತಂದೆ ಸಾದೂಲ್ ಸಿಂಗ್ ತೀರಿಕೊಂಡರು. 26ರ ಹರೆಯದ ಕರ್ಣಿ ಸಿಂಗ್ ಮಹಾರಾಜರಾದರು ಖರೆ, ಆದರೆ ಆಳಲು ರಾಜ್ಯವೇ ಇರಲಿಲ್ಲ. ನಮ್ಮ ಅಕ್ಕಲಕೋಟ, ಜತ್ತ ಸಂಸ್ಥಾನಗಳ ಹಳೇ ಮಂದಿಗೆ ಈ ಸ್ಥಿತಿ ಬಿಡಿಸಿ ಹೇಳಬೇಕಿಲ್ಲ. ವಾಡೆ ಇತ್ತು, ಮಾನ ಇತ್ತು, ಅಧಿಕಾರ ಇರಲಿಲ್ಲ.

ಸಂಸತ್ತಿನಲ್ಲಿ 25 ವರ್ಷ

ಅವರು ವಾಡೆಯೊಳಗೆ ಕೂಡಲಿಲ್ಲ. 1952ರ ಮೊದಲ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತು ಲೋಕಸಭೆಗೆ ಗೆದ್ದರು. 1977ರವರೆಗೆ ಸತತ ಐದು ಬಾರಿ ಸಂಸದರಾಗಿದ್ದರು. ಆಗಿನ ಸ್ಪೀಕರ್ ಗ. ವಾ. ಮಾವಳಣಕರ ಅವರೇ 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಘದ ಮೊದಲ ಅಧ್ಯಕ್ಷರೂ ಆಗಿದ್ದರು. ಅವರ ಹೆಸರಿನ ಶೂಟಿಂಗ್ ಸ್ಪರ್ಧೆ ಇಂದಿಗೂ ನಡೆಯುತ್ತದೆ.

ರಾಜಸ್ಥಾನಿ ಭಾಷೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕು ಎಂದು ಕರ್ಣಿ ಸಿಂಗ್ ಸಂಸತ್ತಿನಲ್ಲಿ ದನಿ ಎತ್ತಿದ್ದರು ಎಂಬುದು ಗಮನಾರ್ಹ. 2003ರಲ್ಲಿ ರಾಜಸ್ಥಾನ ವಿಧಾನಸಭೆ ಸರ್ವಾನುಮತದ ಠರಾವು ಮಾಡಿದರೂ ಆ ಬೇಡಿಕೆ ಈಡೇರಿಲ್ಲ. ಮನೆಯಲ್ಲಿ ಒಂದು ಭಾಷೆ, ಕಚೇರಿ ಕಾಗದದಲ್ಲಿ ಇನ್ನೊಂದು ಭಾಷೆ ಅನ್ನುವ ಪಾಡು ಗಡಿಯಾಚೆಯ ನಮಗೂ ಗೊತ್ತಿದ್ದದ್ದೇ.

1964ರಲ್ಲಿ ಬಿಕಾನೇರ ಮನೆತನಕ್ಕೂ ದೆಹಲಿ ಆಳಿದವರಿಗೂ ಇದ್ದ ಸಂಬಂಧದ ಮೇಲೆ ಪ್ರಬಂಧ ಬರೆದು ಮುಂಬಯಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ಹೆಸರಿನ ಹಿಂದಿನ ಡಾಕ್ಟರ್ ಪದವಿ ಗೌರವಕ್ಕೆ ಕೊಟ್ಟದ್ದಲ್ಲ, ಓದಿ ಗಳಿಸಿದ್ದು.

ಕೈರೋದಲ್ಲಿ ಕೂದಲೆಳೆ ಅಂತರ

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಟ್ರ್ಯಾಪ್ ಆಡಿದ ಅವರು ಎಂಟನೇ ಸ್ಥಾನ ಪಡೆದರು. ಮರುವರ್ಷ ಅರ್ಜುನ ಪ್ರಶಸ್ತಿ ಶುರುವಾದಾಗ ಮೊದಲ ಪಟ್ಟಿಯಲ್ಲೇ ಅವರ ಹೆಸರಿತ್ತು. 1962ರಲ್ಲಿ ಈಜಿಪ್ತಿನ ಕೈರೋದಲ್ಲಿ ವಿಶ್ವ ಚಾಂಪಿಯನ್‌ಷಿಪ್. ಎಲ್ಲ ಸುತ್ತು ಮುಗಿದಾಗ ಮೊದಲ ಸ್ಥಾನದಲ್ಲಿ ಸಮ ಅಂಕ! ಟೈ ಬಿಡಿಸಲು ಮತ್ತೆ ಆಡಿಸಿದಾಗ ಚಿನ್ನ ಕೈ ತಪ್ಪಿ ಬೆಳ್ಳಿ ಬಂತು. ನೂರಾರು ಬಿಲ್ಲೆ ಒಡೆದ ಮೇಲೆ ಕಡೆಗೆ ಉಳಿದದ್ದು ಇಷ್ಟೇ ಅಂತರ.

ಅಲ್ಲಿಗೇ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ 1964ರಲ್ಲಿ ಟೋಕಿಯೊ, 1968ರಲ್ಲಿ ಮೆಕ್ಸಿಕೊ, 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ಗೂ ಹೋದರು. ಮೆಕ್ಸಿಕೊದಲ್ಲಿ ಹತ್ತನೇ ಸ್ಥಾನ. 1974ರ ತೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ. 1980ರಲ್ಲಿ ಮಾಸ್ಕೋಗೆ ಹೋದಾಗ ವಯಸ್ಸು 56. ತಮಗಿಂತ ಎಷ್ಟೋ ಚಿಕ್ಕವರ ಜೊತೆ ಸಾಲಿನಲ್ಲಿ ನಿಂತು ಆಡಿದರು. ಐದು ಒಲಿಂಪಿಕ್ಸ್, ಒಂದೂ ಪದಕ ಇಲ್ಲ. ಈ ಅನುಭವವನ್ನೇ ಫ್ರಮ್ ರೋಮ್ ಟು ಮಾಸ್ಕೋ ಎಂಬ ಪುಸ್ತಕವಾಗಿ ಬರೆದರು. 1982ರ ದೆಹಲಿ ಏಷ್ಯಾಡ್‌ನಲ್ಲಿ ಭಾರತದ ಟ್ರ್ಯಾಪ್ ತಂಡಕ್ಕೆ ಬೆಳ್ಳಿ ಬಂದಾಗ 58ರ ಕರ್ಣಿ ಸಿಂಗ್ ಆ ತಂಡದಲ್ಲಿದ್ದರು.

ಈ ನಡುವೆ 1971ರಲ್ಲಿ ಮಾಜಿ ರಾಜರ ರಾಜಧನ ರದ್ದಾಯಿತು. ಮಹಾರಾಜ ಎಂಬ ಬಿರುದಿಗೂ ಸರಕಾರಿ ಮಾನ್ಯತೆ ಉಳಿಯಲಿಲ್ಲ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಗಜನೇರದಂಥ ಬೇಟೆಯ ಕಾಲವೂ ಮುಗಿಯಿತು. ಹುಟ್ಟಿನಿಂದ ಬಂದದ್ದೆಲ್ಲ ಒಂದೊಂದಾಗಿ ಹೋಯಿತು. ಬಿಲ್ಲೆ ಒಡೆದು ಗಳಿಸಿದ್ದನ್ನು ಮಾತ್ರ ಯಾವ ಕಾಯ್ದೆಯೂ ಕಸಿಯಲಿಲ್ಲ.

ಖರ್ಚಿನ ಆಟ

ಒಂದು ಮಾತು ಮುಚ್ಚಿಡಬಾರದು. ಇದು ಬಡವರ ಕೈಗೆ ನಿಲುಕುವ ಆಟ ಆಗಲೂ ಅಲ್ಲ, ಈಗಲೂ ಅಲ್ಲ. ಒಂದು ಬಿಲ್ಲೆಗೆ ಎರಡು ಕಾಡತೂಸು ಹಿಡಿದರೆ ಒಂದೇ ಸುತ್ತಿಗೆ 50 ಕಾಡತೂಸು ಬೇಕಾಗಬಹುದು. ದಿನಕ್ಕೆ ನಾಲ್ಕು ಸುತ್ತು ಅಭ್ಯಾಸ ಮಾಡುವವರ ಲೆಕ್ಕ ಓದುಗರೇ ಹಾಕಿಕೊಳ್ಳಲಿ. ಬಂದೂಕು, ಲೈಸೆನ್ಸು, ಮೈದಾನ ಬೇರೆ. ಕರ್ಣಿ ಸಿಂಗ್ ಅವರಿಗೆ ಹಣದ ಅನುಕೂಲ ಇತ್ತು, ಅದಕ್ಕೇ ಆಡಿದರು ಅನ್ನುವವರೂ ಇದ್ದಾರೆ. ಅದು ಸುಳ್ಳಲ್ಲ. ಆದರೆ ಅನುಕೂಲ ಇದ್ದ ರಾಜರು ದೇಶದಲ್ಲಿ ನೂರಾರು ಮಂದಿ ಇದ್ದರು. ಸೋತ ಮೇಲೂ ಎರಡು ದಶಕ ಅದೇ ಸಾಲಿನಲ್ಲಿ ಹೋಗಿ ನಿಂತವರು ಭಾಳ ಕಡಿಮೆ.

ಮನೆಯಲ್ಲಿ ಮಗಳಿಗೂ ಈ ಆಟದ ದಾರಿ ತೋರಿಸಿದರು. ಮಗಳು ರಾಜ್ಯಶ್ರೀ ಕುಮಾರಿ ಅವರಿಗೆ 1968ರಲ್ಲಿ, ಇನ್ನೂ ಹದಿಹರೆಯದಲ್ಲೇ, ಶೂಟಿಂಗ್‌ಗಾಗಿ ಅರ್ಜುನ ಪ್ರಶಸ್ತಿ ಬಂತು. ಬಿಕಾನೇರದ ಜುನಾಗಢ ಕೋಟೆಯನ್ನು ಸಾರ್ವಜನಿಕರು ನೋಡುವಂತಾಗಲು 1961ರಲ್ಲಿ ಟ್ರಸ್ಟ್ ಮಾಡಿದವರೂ ಕರ್ಣಿ ಸಿಂಗ್ ಅವರೇ.

ನಂತರ ಬಂದ ಪದಕ

1988ರ ಸೆಪ್ಟೆಂಬರ್‌ನಲ್ಲಿ ಅವರು ನಿಧನರಾದರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜಸ್ಥಾನದವರೇ ಆದ ರಾಜ್ಯವರ್ಧನ ಸಿಂಗ್ ರಾಠೋಡ ಡಬಲ್ ಟ್ರ್ಯಾಪ್‌ನಲ್ಲಿ ಬೆಳ್ಳಿ ಗೆದ್ದರು. 2006ರಲ್ಲಿ ಮಾನವಜಿತ್ ಸಿಂಗ್ ಸಂಧು ಟ್ರ್ಯಾಪ್ ವಿಶ್ವ ಚಾಂಪಿಯನ್ ಆದರು. ಕೈರೋದಲ್ಲಿ ತಪ್ಪಿದ ಚಿನ್ನ ಭಾರತಕ್ಕೆ ಬರಲು 44 ವರ್ಷ ಹಿಡಿಯಿತು.

ದೆಹಲಿಯ ತುಘಲಕಾಬಾದಿನಲ್ಲಿ 1982ರ ಏಷ್ಯಾಡ್‌ಗಾಗಿ ಕಟ್ಟಿದ ಶೂಟಿಂಗ್ ಮೈದಾನಕ್ಕೆ ಈಗ ಡಾ. ಕರ್ಣಿ ಸಿಂಗ್ ಅವರ ಹೆಸರಿದೆ. ದೇಶದ ನಾನಾ ಕಡೆಯ ಹುಡುಗ-ಹುಡುಗಿಯರು ಅಲ್ಲಿ ಅಭ್ಯಾಸಕ್ಕೆ ಬರುತ್ತಾರೆ. ಅವರಲ್ಲಿ ರಾಜರ ಮನೆಯವರು ತೀರಾ ವಿರಳ.