ಒಬೈದ್ ಸಿದ್ದಿಕಿ

ಒಬೈದ್ ಸಿದ್ದಿಕಿ (7 ಜನವರಿ 1932 – 26 ಜುಲೈ 2013) ಭಾರತದ ತಳಿವಿಜ್ಞಾನಿ. ಹಣ್ಣುನೊಣದ ವಂಶವಾಹಿಗಳ ಮೂಲಕ ನರಗಳ ಕಾರ್ಯವನ್ನೂ ರುಚಿ, ವಾಸನೆಗಳ ಗ್ರಹಿಕೆಯನ್ನೂ ಅರಿಯುವ ಸಂಶೋಧನೆಯನ್ನು ಭಾರತದಲ್ಲಿ ಬೇರೂರಿಸಿದವರಲ್ಲಿ ಪ್ರಮುಖರು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಸ್ಥಾಪಕ ನಿರ್ದೇಶಕರು.

ಜನನ ಮತ್ತು ಶಿಕ್ಷಣ

ಉತ್ತರ ಪ್ರದೇಶದ ಬಸ್ತಿ ಜಿಲ್ಲೆಯಲ್ಲಿ ಜನಿಸಿದ ಸಿದ್ದಿಕಿಯವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗೀಡೊ ಪಾಂಟೆಕೊರ್ವೊ ಅವರ ಮಾರ್ಗದರ್ಶನದಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಒಂದೇ ವಂಶವಾಹಿಯ ಒಳರಚನೆಯನ್ನು ಅಧ್ಯಯನ ಮಾಡಿ 1961ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಅಮೆರಿಕದಲ್ಲಿ ಅಲನ್ ಗ್ಯಾರೆನ್ ಅವರೊಡನೆ ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡಿದರು. ಕೆಲವು ಉತ್ಪರಿವರ್ತನೆಗಳು ಪ್ರೋಟೀನಿನ ತಯಾರಿಕೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತವೆ. ಮತ್ತೊಂದು ವಂಶವಾಹಿಯಲ್ಲಾಗುವ ಬದಲಾವಣೆ ಆ ತಡೆಯನ್ನು ಮೀರಬಲ್ಲದು ಎಂಬುದನ್ನು ಇಬ್ಬರೂ 1962ರಲ್ಲಿ ತೋರಿಸಿದರು. ತಳಿಸಂಕೇತದಲ್ಲಿ ‘ನಿಲ್ಲು’ ಎಂಬ ಸೂಚನೆಗಳೂ ಇವೆಯೆಂಬ ತಿಳಿವಳಿಕೆಗೆ ಇದು ನೆರವಾಯಿತು.

ಅದೇ ವರ್ಷ, ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅವರ ಶಿಫಾರಸಿನ ಮೇರೆಗೆ ಹೋಮಿ ಭಾಭಾ ಅವರು ಸಿದ್ದಿಕಿಯವರನ್ನು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಕರೆಸಿಕೊಂಡರು. ಗಣಿತ, ಭೌತವಿಜ್ಞಾನಗಳಿಗೆ ಹೆಸರಾದ ಆ ಸಂಸ್ಥೆಯಲ್ಲಿ ಅಣುಜೀವವಿಜ್ಞಾನ ವಿಭಾಗ ಆರಂಭವಾದದ್ದು ಹೀಗೆ.

ಹಣ್ಣುನೊಣದ ಕಡೆಗೆ

ಬ್ಯಾಕ್ಟೀರಿಯಾಗಳಲ್ಲಿ ಹೆಸರು ಮಾಡಿದ್ದ ಹಲವರು ಆ ಕಾಲದಲ್ಲಿ ನರಮಂಡಲದತ್ತ ತಿರುಗಿದರು. ಕೇಂಬ್ರಿಜ್‌ನಲ್ಲಿ ಸಿಡ್ನಿ ಬ್ರೆನ್ನರ್ ಕೇವಲ 302 ನರಕೋಶಗಳಿರುವ, ಒಂದು ಮಿಲಿಮೀಟರ್ ಉದ್ದದ ದುಂಡುಹುಳುವನ್ನು ಆರಿಸಿಕೊಂಡರೆ, ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಹಣ್ಣುನೊಣವನ್ನು ಆರಿಸಿಕೊಂಡರು. ಸಿದ್ದಿಕಿಯವರೂ ನೊಣದ ದಾರಿ ಹಿಡಿದರು. ಅಥಣಿ, ಕಾಗವಾಡದ ಕಡೆ ಕಳಿತ ದ್ರಾಕ್ಷಿಯ ಸುತ್ತ ಮುತ್ತುವಂಥ ಈ ಪುಟ್ಟ ನೊಣಗಳ ನಡವಳಿಕೆಯಿಂದ ಮೆದುಳಿನ ಗುಟ್ಟು ತಿಳಿದೀತೆಂದು ನಂಬುವುದು ಆಗ ಸುಲಭವಾಗಿರಲಿಲ್ಲ. ನಡವಳಿಕೆಯಂಥ ಸಂಕೀರ್ಣ ಗುಣವನ್ನು ಒಂದೊಂದೇ ವಂಶವಾಹಿಯನ್ನು ಕೆಡಿಸಿ ಬಿಡಿಸಬಹುದೇ ಎಂಬ ಪ್ರಶ್ನೆಯೇ ವಿವಾದದ್ದಾಗಿತ್ತು.

ನರಗಳಿಗೆ ಅತ್ಯಗತ್ಯವಾದ ವಂಶವಾಹಿ ಕೆಟ್ಟರೆ ನೊಣ ಸತ್ತೇಹೋಗುತ್ತದೆ, ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಈ ತೊಡಕಿಗೆ ಪರಿಹಾರವಾಗಿ ಬಂದವು ಉಷ್ಣತೆಗೆ ಸ್ಪಂದಿಸುವ ಉತ್ಪರಿವರ್ತನೆಗಳು. ಅಂಥ ನೊಣ ಸಾಮಾನ್ಯ ಉಷ್ಣತೆಯಲ್ಲಿ ಎಲ್ಲ ನೊಣಗಳಂತೆ ಓಡಾಡುತ್ತದೆ. ಬಿಸಿ ಏರಿದಾಗ ನಿಶ್ಚೇಷ್ಟವಾಗಿ ಬೀಳುತ್ತದೆ. ತಂಪಾದ ಮೇಲೆ ಚೇತರಿಸಿಕೊಳ್ಳುತ್ತದೆ. ಇವುಗಳ ನರಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು ಅಳೆದು ಸಿದ್ದಿಕಿ ಮತ್ತು ಬೆಂಜರ್ 1976ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಮುಖ್ಯವಾದುದು. ಅವರು ಪರೀಕ್ಷಿಸಿದ ವಂಶವಾಹಿಗಳಲ್ಲಿ ಒಂದು ನರಗಳ ಸೋಡಿಯಂ ನಾಳಕ್ಕೂ, ‘ಕೋಮಟೋಸ್’ ಎಂಬ ಇನ್ನೊಂದು ನರಸಂದೇಶ ಹೊತ್ತ ಕೋಶಚೀಲಗಳ ಬೆಸುಗೆಗೆ ಬೇಕಾದ ಪ್ರೋಟೀನಿಗೂ ಸಂಬಂಧಿಸಿದವೆಂದು ಮುಂದೆ ತಿಳಿದುಬಂದಿತು.

ಒಂದು ವಂಶವಾಹಿಯ ಬದಲಾವಣೆಯಿಂದ ಇಡೀ ದೇಹದ ಗುಣವನ್ನು ಓದುವ ಈ ಕ್ರಮ ಮುಪ್ಪಿನ ಅಧ್ಯಯನಕ್ಕೂ ಹಬ್ಬಿತು. 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ದುಂಡುಹುಳುವಿನ ಆಯುಷ್ಯವನ್ನು ಇಮ್ಮಡಿಗೊಳಿಸುವ ಉತ್ಪರಿವರ್ತನೆಯನ್ನು ವರದಿ ಮಾಡಿತು. 1998ರಲ್ಲಿ ಬೆಂಜರ್ ಅವರ ಪ್ರಯೋಗಾಲಯವೇ ಸುಮಾರು ಶೇಕಡಾ 35ರಷ್ಟು ಹೆಚ್ಚು ಕಾಲ ಬದುಕುವ ನೊಣವನ್ನು ಕಂಡುಕೊಂಡಿತು. ಸಿದ್ದಿಕಿಯವರ ಆಸಕ್ತಿ ಮಾತ್ರ ಇಂದ್ರಿಯಗಳಲ್ಲೇ ನೆಲೆಸಿತ್ತು.

ಮುಂಬಯಿಯಲ್ಲಿ ಶಿಷ್ಯೆ ವೆರೊನಿಕಾ ರಾಡ್ರಿಗಸ್ ಅವರೊಡನೆ ರುಚಿ ಅಥವಾ ವಾಸನೆ ತಿಳಿಯದ ನೊಣಗಳನ್ನು ಅವರು ಹುಡುಕಿ ತೆಗೆದರು. ಒಂದು ಬಗೆಯ ವಾಸನೆಗೆ ಸ್ಪಂದಿಸದ ನೊಣ ಇನ್ನೊಂದನ್ನು ಸರಿಯಾಗಿಯೇ ಗುರುತಿಸುತ್ತಿತ್ತು. ಅಂದರೆ ಬೇರೆ ಬೇರೆ ವಾಸನೆಗಳ ಗ್ರಹಿಕೆಗೆ ಬೇರೆ ಬೇರೆ ವಂಶವಾಹಿಗಳು ಬೇಕು. ಈ ಫಲಿತಾಂಶಗಳು 1978ರಲ್ಲಿ ಭಾರತದ ನಿಯತಕಾಲಿಕೆಯಲ್ಲೇ ಪ್ರಕಟವಾದವು. ನೊಣದ ವಾಸನಾಗ್ರಾಹಕ ವಂಶವಾಹಿಗಳು ಪತ್ತೆಯಾದದ್ದು 1999ರಲ್ಲಿ.

ಬೆಂಗಳೂರಿನಲ್ಲಿ

1990ರ ದಶಕದಲ್ಲಿ ಟಾಟಾ ಸಂಸ್ಥೆಯ ಅಂಗವಾಗಿ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವನ್ನು ಬೆಂಗಳೂರಿನಲ್ಲಿ ಕಟ್ಟಿದರು. ಅದು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿದೆ. ನಿರ್ದೇಶಕ ಸ್ಥಾನ ಬಿಟ್ಟ ಮೇಲೂ ಅಲ್ಲಿ ಸಂಶೋಧನೆ ಮುಂದುವರಿಸಿದರು. ಹಿಂದುಸ್ತಾನಿ ಸಂಗೀತದಲ್ಲಿ ಒಲವಿದ್ದ ಅವರು ಸರೋದ್ ನುಡಿಸುತ್ತಿದ್ದರು.

ಗೌರವ ಮತ್ತು ನಿಧನ

ಭಟ್ನಾಗರ್ ಪ್ರಶಸ್ತಿ (1976), ಪದ್ಮಭೂಷಣ ಮತ್ತು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ (1984), ಪದ್ಮವಿಭೂಷಣ (2006) ಅವರಿಗೆ ಸಂದವು. ಬೆಂಗಳೂರಿನಲ್ಲಿ ರಸ್ತೆ ಅಪಘಾತದಲ್ಲಿ ಗಾಯಗೊಂಡು, 81ನೆಯ ವಯಸ್ಸಿನಲ್ಲಿ ನಿಧನರಾದರು.