ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಬಾರಿಸಿದ ಮೊದಲ ಏಷ್ಯನ್: ಮುಂಬೈ ಮರೆತ ನೆವಿಲ್ ಡಿಸೋಜಾ

ಕಾಂದಿವಲಿ (ಮುಂಬೈ): ಮುಂಬೈನ ಕಾಂದಿವಲಿ ಪೂರ್ವದ ಆಕುರ್ಲಿ ರಸ್ತೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಒಲಿಂಪಿಕ್ಸ್ ಕನಸು ಹೊತ್ತ ಮಕ್ಕಳು ಇಲ್ಲಿ ಬೆವರು ಹರಿಸುತ್ತಾರೆ. ಇದೇ ಉಪನಗರದಿಂದ ಲೋಕಲ್ ರೈಲು ಹತ್ತಿ ದಕ್ಷಿಣಕ್ಕೆ ಹೋದರೆ ಬಾಂದ್ರಾ ಸಿಗುತ್ತದೆ. ಅಲ್ಲಿ ಮುಂಬೈ ಲೀಗ್ ಪಂದ್ಯಗಳು ನಡೆಯುವ ಫುಟ್‌ಬಾಲ್ ಮೈದಾನಕ್ಕೆ ಒಬ್ಬ ಆಟಗಾರನ ಹೆಸರಿದೆ: ನೆವಿಲ್ ಡಿಸೋಜಾ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತ ಈವರೆಗೆ ಗಳಿಸಿರುವ ಒಟ್ಟು ಗೋಲುಗಳು ಕೇವಲ 10. ಅವುಗಳಲ್ಲಿ 4 ಈ ಒಬ್ಬರದೇ.

ಗೋವಾ ಮೂಲ, ಮುಂಬೈ ಆಟ

ನೆವಿಲ್ ಹುಟ್ಟಿದ್ದು 1932ರ ಅಕ್ಟೋಬರ್ 3ರಂದು. ಮೂಲ ಗೋವಾದ ಅಸ್ಸಾಗಾಂವ್. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ನೆವಿಲ್ ಆಟಗಾರರಾಗಿ ಬೆಳೆದದ್ದು ಮುಂಬೈನಲ್ಲಿ. ಟಾಟಾ ಸ್ಪೋರ್ಟ್ಸ್ ಕ್ಲಬ್ ಹಾಗೂ ನಂತರ ತೈಲ ಕಂಪನಿ ಕ್ಯಾಲ್ಟೆಕ್ಸ್ ತಂಡದ ಪರ ಸೆಂಟರ್ ಫಾರ್ವರ್ಡ್ ಆಗಿ ಅವರು ಹೆಸರು ಮಾಡಿದರು. ಆಗ ದೊಡ್ಡ ಕಂಪನಿಗಳು ಕಟ್ಟಿದ ತಂಡಗಳೇ ಮುಂಬೈ ಫುಟ್‌ಬಾಲ್‌ನ ಬೆನ್ನೆಲುಬಾಗಿದ್ದವು.

ಮೆಲ್ಬರ್ನ್‌ಗೆ ಹೊರಟ ತಂಡ

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹಲವರು ಬರಿಗಾಲಲ್ಲೇ ಆಡಿ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿದ್ದರು. ಆ ಪಂದ್ಯದಲ್ಲಿ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು 10-1ರಿಂದ ಮಣಿಸಿತು. ಆ ಒಂದು ಗೋಲು ಕೂಡ ಬೆಂಗಳೂರಿನವರೇ ಆದ ಅಹ್ಮದ್ ಖಾನ್ ಅವರದು.

1956ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಆಟಗಾರರ ಕಾಲಿಗೆ ಬೂಟು ಬಂದಿತ್ತು. ಹೈದರಾಬಾದ್‌ನ ಸಯ್ಯದ್ ಅಬ್ದುಲ್ ರಹೀಂ ಕೋಚ್ ಆಗಿದ್ದರು. ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸುವ ಆಟವನ್ನು ಅವರು ಕಲಿಸಿದ್ದರು. ಬಂಗಾಳದ ಸಮರ್ ಬ್ಯಾನರ್ಜಿ ನಾಯಕ. ಮೈಸೂರು ರಾಜ್ಯದ ಕೆಂಪಯ್ಯ ಕೂಡ ತಂಡದಲ್ಲಿದ್ದರು. ಮೊದಲ ಎದುರಾಳಿ ಹಂಗೇರಿ ಕಣದಿಂದ ಹಿಂದೆ ಸರಿದಿದ್ದರಿಂದ ಭಾರತ ನೇರವಾಗಿ ಕ್ವಾರ್ಟರ್ ಫೈನಲ್ ತಲುಪಿತು.

ಡಿಸೆಂಬರ್ 1ರ ಆ ಪಂದ್ಯ

ಎದುರಿಗಿದ್ದದ್ದು ಆತಿಥೇಯ ಆಸ್ಟ್ರೇಲಿಯಾ. 9ನೇ ನಿಮಿಷದಲ್ಲಿ ನೆವಿಲ್ ಮೊದಲ ಗೋಲು ಹೊಡೆದರು. 17ನೇ ನಿಮಿಷದಲ್ಲಿ ಆಸ್ಟ್ರೇಲಿಯಾ ಸಮಬಲ ಸಾಧಿಸಿತು. 33ನೇ ನಿಮಿಷದಲ್ಲಿ ಮತ್ತೆ ನೆವಿಲ್. ವಿರಾಮಕ್ಕೆ ಮೊದಲೇ ಆಸ್ಟ್ರೇಲಿಯಾ ಮತ್ತೊಮ್ಮೆ ಲೆಕ್ಕ ಸರಿಮಾಡಿತು. 50ನೇ ನಿಮಿಷದಲ್ಲಿ ನೆವಿಲ್ ಮೂರನೇ ಗೋಲು ಬಾರಿಸಿದರು. ಕೊನೆಯಲ್ಲಿ ಕಿಟ್ಟು ಇನ್ನೊಂದು ಸೇರಿಸಿ 4-2ರ ಗೆಲುವು ಖಚಿತಪಡಿಸಿದರು.

24 ವರ್ಷದ ನೆವಿಲ್ ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಸಾಧಿಸಿದ ಮೊದಲ ಏಷ್ಯನ್ ಆದರು. ಭಾರತ ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾದ ತಂಡವಾಯಿತು.

ಎರಡು ನಿಮಿಷದ ಮುನ್ನಡೆ

ಡಿಸೆಂಬರ್ 4ರಂದು ಸೆಮಿಫೈನಲ್‌ನಲ್ಲಿ ಮತ್ತೆ ಅದೇ ಯುಗೊಸ್ಲಾವಿಯಾ. ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಕೊಟ್ಟಿದ್ದ ತಂಡ ಮೊದಲಾರ್ಧದಲ್ಲಿ ಒಂದೂ ಗೋಲು ಹೊಡೆಯಲಾಗಲಿಲ್ಲ. 52ನೇ ನಿಮಿಷದಲ್ಲಿ ನೆವಿಲ್ ಗೋಲು ಹೊಡೆದಾಗ ಭಾರತ 1-0 ಮುಂದಿತ್ತು. ಆದರೆ ಆ ಮುನ್ನಡೆ ಉಳಿದದ್ದು ಎರಡೇ ನಿಮಿಷ. ಯುಗೊಸ್ಲಾವಿಯಾ 4-1ರಿಂದ ಗೆದ್ದಿತು. ಕಂಚಿನ ಪದಕದ ಪಂದ್ಯದಲ್ಲಿ ಬಲ್ಗೇರಿಯಾ 3-0ಯಿಂದ ಸೋಲಿಸಿತು.

ಭಾರತಕ್ಕೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ತಂಡ ಕೂಟದಲ್ಲಿ ಹೊಡೆದ 5 ಗೋಲುಗಳಲ್ಲಿ 4 ನೆವಿಲ್ ಅವರದು. ಯುಗೊಸ್ಲಾವಿಯಾದ ವೆಸೆಲಿನೊವಿಚ್ ಮತ್ತು ಬಲ್ಗೇರಿಯಾದ ಮಿಲಾನೊವ್ ಜತೆ ಅವರು ಕೂಟದ ಜಂಟಿ ಗರಿಷ್ಠ ಗೋಲುಗಾರರಾದರು.

ಆದರೆ ಕಂಚಿನ ಪಂದ್ಯ ಸೋತದ್ದು ಡಿಸೆಂಬರ್ 7ರಂದು. ಅದರ ಹಿಂದಿನ ದಿನವಷ್ಟೇ ಅದೇ ಮೆಲ್ಬರ್ನ್‌ನಲ್ಲಿ ಭಾರತ ಹಾಕಿ ತಂಡ ಪಾಕಿಸ್ತಾನವನ್ನು 1-0ಯಿಂದ ಮಣಿಸಿ ಚಿನ್ನ ಗೆದ್ದಿತ್ತು. ಹಾಕಿ ಚಿನ್ನದ ಸಂಭ್ರಮದ ಎದುರು ಫುಟ್‌ಬಾಲ್‌ನ ನಾಲ್ಕನೇ ಸ್ಥಾನಕ್ಕೆ ಎಷ್ಟು ಜಾಗ ಸಿಕ್ಕೀತು?

ಬರದೇ ಹೋದ ಗೌರವ

1958ರಲ್ಲಿ ಕ್ಯಾಲ್ಟೆಕ್ಸ್ ತಂಡ ಪ್ರತಿಷ್ಠಿತ ರೋವರ್ಸ್ ಕಪ್ ಗೆದ್ದಾಗ ನೆವಿಲ್ ಆ ತಂಡದಲ್ಲಿದ್ದರು. 1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾಯಿತು. ಅವರೊಂದಿಗೆ ಮೆಲ್ಬರ್ನ್‌ನಲ್ಲಿ ಆಡಿದ ಪಿ.ಕೆ. ಬ್ಯಾನರ್ಜಿ, ತುಳಸಿದಾಸ್ ಬಲರಾಂ, ಪೀಟರ್ ತಂಗರಾಜ್ ಅವರಿಗೆ ಅದು ಸಂದಿತು. ನೆವಿಲ್ ಹೆಸರು ಆ ಪಟ್ಟಿಗೆ ಸೇರಲೇ ಇಲ್ಲ. 1980ರ ಮಾರ್ಚ್ 17ರಂದು, 47ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು.

1960ರ ರೋಮ್ ಕೂಟದ ಬಳಿಕ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆದಿಲ್ಲ. ಹಾಗಾಗಿ ನೆವಿಲ್ ದಾಖಲೆಯನ್ನು ಮುಟ್ಟುವ ಅವಕಾಶವೂ ಯಾರಿಗೂ ಒದಗಿಲ್ಲ. ಕಾಂದಿವಲಿ, ಬೊರಿವಲಿಯಿಂದ ಬೂಟು ಹಿಡಿದು ಬಾಂದ್ರಾಕ್ಕೆ ಬರುವ ಹುಡುಗರ ಪಾಲಿಗೆ ಅವರ ಹೆಸರು ಮೈದಾನದ ವಿಳಾಸ. ಆ ವಿಳಾಸದ ಹಿಂದೆ ಭಾರತವನ್ನು ಒಲಿಂಪಿಕ್ಸ್ ಪದಕದ ಬಾಗಿಲವರೆಗೆ ಕರೆದೊಯ್ದ ಒಬ್ಬ ಮುಂಬೈಕರ್ ಇದ್ದಾರೆ.